ಪ್ರಾಚೀನ ಈಜಿಪ್ಟಿನಲ್ಲಿ ಸತ್ತ ಮೇಲಿನ ಬದುಕು ರಾಜರಿಗೆ ಮಾತ್ರ ಇತ್ತೇ? ಆಮೇಲೆ ಎಲ್ಲರಿಗೂ ಹೇಗೆ ದಕ್ಕಿತು?

ರಾಜರಿಗೆ ಮಾತ್ರ ಅನ್ನುವುದು ಪೂರ್ತಿ ಸರಿಯಲ್ಲ. ಪಿರಮಿಡ್ಡುಗಳಿಗಿಂತ ಬಹಳ ಹಿಂದೆಯೇ ಸಾಮಾನ್ಯರ ಗೋರಿಯಲ್ಲೂ ಮಡಕೆ, ಮಣಿಸರ ಇಟ್ಟು ಹೂಳುತ್ತಿದ್ದರು. ರಾಜನ ಸೊತ್ತಾಗಿದ್ದದ್ದು ಬರೆದ ಮಂತ್ರಗಳು. ಕ್ರಿ.ಪೂ. ಸುಮಾರು 2350ರಲ್ಲಿ, ಸಕ್ಕಾರಾದ ಉನಾಸ್ ದೊರೆಯ ಪಿರಮಿಡ್ಡಿನ ಒಳಗೋಡೆಗಳ ಮೇಲೆ ಅವು ಮೊದಲು ಕಾಣುತ್ತವೆ. ದೊರೆ ಆಕಾಶಕ್ಕೇರಿ ದೇವತೆಗಳ ಸಾಲಿಗೆ ಸೇರಬೇಕು, ಅಷ್ಟೇ ಅಲ್ಲಿನ ಚಿಂತೆ.

ಕ್ರಿ.ಪೂ. 2100ರ ಹೊತ್ತಿಗೆ ರಾಜಸತ್ತೆಯ ಹಿಡಿತ ಸಡಿಲಿತ್ತು. ಅಧಿಕಾರಿಗಳೂ ಇಂಥ ಮಂತ್ರಗಳನ್ನು ತಮ್ಮ ಮರದ ಶವಪೆಟ್ಟಿಗೆಯ ಒಳಮೈಗೆ ಬರೆಸಿಕೊಳ್ಳತೊಡಗಿದರು. ಕ್ರಿ.ಪೂ. 1550ರ ಸುಮಾರಿಗೆ ಅವು ಪಪೈರಸ್ ಎಂಬ ಜೊಂಡಿನ ಹಾಳೆಯ ಸುರುಳಿಗೆ ಇಳಿದವು. ಇದನ್ನೇ ನಾವು ‘ಮೃತರ ಪುಸ್ತಕ’ ಅನ್ನುವುದು. ಕೆಲವು ಸುರುಳಿಗಳನ್ನು ಹೆಸರಿನ ಜಾಗ ಖಾಲಿ ಬಿಟ್ಟು ಮೊದಲೇ ಬರೆದಿಡುತ್ತಿದ್ದರು, ಕೊಂಡವನ ಹೆಸರು ಆಮೇಲೆ ತುಂಬುತ್ತಿದ್ದರು. ಅಂದರೆ ‘ಎಲ್ಲರಿಗೂ’ ಅಂದರೂ ದುಡ್ಡಿದ್ದವರಿಗೇ.

ನಿಜವಾದ ಬದಲಾವಣೆ ವಿಚಾರಣೆಯದು. ‘ಮೃತರ ಪುಸ್ತಕ’ದ 125ನೇ ಮಂತ್ರದಲ್ಲಿ ಸತ್ತವನು 42 ದೇವತೆಗಳ ಮುಂದೆ ‘ನಾನು ಕದ್ದಿಲ್ಲ, ಕೊಂದಿಲ್ಲ’ ಎಂದು ಒಂದೊಂದಾಗಿ ಹೇಳಬೇಕು. ಅವನ ಹೃದಯವನ್ನು ಸತ್ಯದ ದೇವತೆಯಾದ ಮಾತ್ ದೇವಿಯ ಗರಿಯೆದುರು ತೂಗುತ್ತಾರೆ. ತೂಕದಲ್ಲಿ ಸೋತರೆ ಮೊಸಳೆಮೂತಿಯ ರಾಕ್ಷಸಿ ಅಮ್ಮಿತ್ ಹೃದಯವನ್ನು ನುಂಗುತ್ತಾಳೆ, ನರಕವಾಸವಲ್ಲ, ಅಳಿವೇ. ಇದಕ್ಕೂ ಉಪಾಯವಿತ್ತೆನ್ನಿ: ಮಮ್ಮಿಯ ಎದೆಯ ಮೇಲೆ ಜೀರುಂಡೆ ಆಕಾರದ ಕಲ್ಲು ಇಡುತ್ತಿದ್ದರು, ಅದರಲ್ಲಿ ‘ಹೃದಯವೇ, ನನ್ನ ವಿರುದ್ಧ ಸಾಕ್ಷಿ ಹೇಳಬೇಡ’ ಎಂಬ ಮಂತ್ರ ಕೆತ್ತಿರುತ್ತಿತ್ತು. ಪರಲೋಕದ ಹೊಲಗೆಲಸಕ್ಕೂ ಬದಲಿ ಆಳುಗಳಾಗಿ ಉಶಬ್ತಿ ಗೊಂಬೆಗಳು. ಕೊನೆಕೊನೆಗೆ ದಿನಕ್ಕೊಂದರಂತೆ 365, ಮೇಲ್ವಿಚಾರಕರು 36.