ಮರಿ ಸಾವಿರ, ತಾಯಿ ಎಷ್ಟು?

ಪ್ರಶ್ನೆ: ಕುಂದಾಪುರದ ಹಿನ್ನೀರಿನಲ್ಲಿ ಪಂಜರ ಕಟ್ಟಿ ಸೀಬಾಸ್ ಸಾಕುತ್ತಿದ್ದೇನೆ. ಮರಿ ತರುವುದು ಹ್ಯಾಚರಿಯಿಂದ, ಅಂದರೆ ಮೀನುಮರಿ ಉತ್ಪಾದನಾ ಕೇಂದ್ರದಿಂದ. ಮಾರಾಟವಾಗದೆ ಉಳಿದ ಇನ್ನೂರು ಸಣ್ಣ ಮೀನುಗಳನ್ನು ಹೊಳೆಗೆ ಬಿಡೋಣವೆಂದರೆ ಗೆಳೆಯರು ಬೇಡ ಎನ್ನುತ್ತಾರೆ. ಜಾತಿ ಒಂದೇ ಆಗಿರುವಾಗ ತೊಂದರೆ ಏನು?

ಉತ್ತರ: ಗೆಳೆಯರ ಮಾತು ಕೇಳಿ, ದಯವಿಟ್ಟು ಬಿಡಬೇಡಿ. ಜಾತಿ ಒಂದೇ ಹೌದು, ಆದರೆ ಅದರೊಳಗಿನ ವಂಶವೈವಿಧ್ಯ ಹೊಳೆಯಲ್ಲಿ ಇರುವಷ್ಟು ಹ್ಯಾಚರಿಯ ತೊಟ್ಟಿಯಲ್ಲಿ ಇರುವುದಿಲ್ಲ. ಅಲ್ಲಿನ ಮೀನು ಹೊಳೆಯ ಮೀನಿನೊಂದಿಗೆ ಬೆರೆತರೆ ಹೊಳೆಯ ವೈವಿಧ್ಯವೂ ತಗ್ಗಬಹುದು.

ಸೀಬಾಸ್ ಹುಟ್ಟಿದಾಗ ಹೆಣ್ಣಲ್ಲ. ಮೊದಲು ಗಂಡಾಗಿ ಬೆಳೆದು, ಸಾಮಾನ್ಯವಾಗಿ ಕೆಲವು ವರ್ಷಗಳ ಬಳಿಕ ಹೆಣ್ಣಾಗುತ್ತದೆ. ಹಾಗಾಗಿ ಹೆಣ್ಣೆಂದರೆ ದೊಡ್ಡ, ವಯಸ್ಸಾದ, ಸುಲಭಕ್ಕೆ ಸಿಗದ ಮೀನು. ಅಂಥ ಒಂದು ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ನಿಮಗೆ ಬಂದ ಸಾವಿರಾರು ಮರಿಗಳು ಒಂದಿಬ್ಬರು ತಾಯಂದಿರ ಮಕ್ಕಳೇ ಆಗಿರಬಹುದು. ಒಂದು ತೊಟ್ಟಿಯಲ್ಲಿ 20 ಗಂಡು, 2 ಹೆಣ್ಣು ಇವೆ ಎಂದುಕೊಳ್ಳಿ. ಎಣಿಸಿದರೆ 22. ತಳಿಶಾಸ್ತ್ರದ ಲೆಕ್ಕ ಬೇರೆ: ಗಂಡು ಹೆಣ್ಣುಗಳ ಸಂಖ್ಯೆ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಸಿಗುವುದು ಸುಮಾರು 7. ಏಳೇ ಮೀನುಗಳಿರುವ ಕುಟುಂಬದಂತೆ, ತಲೆಮಾರಿಗೆ ಶೇ. 7ರಷ್ಟು ಒಳಸಂಬಂಧ (ಹತ್ತಿರದ ರಕ್ತಸಂಬಂಧಿಗಳ ನಡುವಿನ ಕೂಡಿಕೆಯ ಫಲ) ಏರುತ್ತದೆ. ಎಲ್ಲ ಗಂಡುಗಳೂ ಸಮನಾಗಿ ಬೀಜ ಕೊಡುವುದಿಲ್ಲವಾದ್ದರಿಂದ ನಿಜಸ್ಥಿತಿ ಇದಕ್ಕಿಂತ ಕೆಟ್ಟದ್ದು.

ಮರಿ ವಿಂಗಡಿಸುವಾಗ ಇನ್ನೊಂದು ನಷ್ಟ. ಸೀಬಾಸ್ ಮರಿಗಳು ತಮಗಿಂತ ಚಿಕ್ಕವನ್ನು ನುಂಗುತ್ತವೆ, ಬಾಲ ಬಾಯಿಂದ ಹೊರಗೆ ಚಾಚಿಕೊಂಡಿರುವ ಮರಿಗಳನ್ನು ನೀವೂ ನೋಡಿರುತ್ತೀರಿ. ಅದಕ್ಕೇ ಕೆಲವು ದಿನಗಳಿಗೊಮ್ಮೆ ಗಾತ್ರ ನೋಡಿ ಬೇರ್ಪಡಿಸುತ್ತಾರೆ. ನಿಧಾನವಾಗಿ ಬೆಳೆಯುವ ಕುಟುಂಬಗಳು ಅಲ್ಲಿಯೇ ಕಡಿಮೆಯಾಗುತ್ತವೆ. ಹೊರನೋಟಕ್ಕೆ ಯಾವ ವ್ಯತ್ಯಾಸವೂ ಕಾಣದು. ಮೊದಲು ಅಳಿಯುವುದು ಅಪರೂಪದ ಜೀನ್ ರೂಪಗಳು. ನಾಳೆ ಹೊಸ ರೋಗ ಬಂದರೆ, ಉಪ್ಪಿನ ಪ್ರಮಾಣ ಏರುಪೇರಾದರೆ ಅವೇ ಬೇಕಾದಾವು.

ಮೂಲದ ಪ್ರಶ್ನೆಯೂ ಇದೆ. 2016ರಲ್ಲಿ ಪ್ರಕಟವಾದ ಈ ಮೀನಿನ ಜೀನೋಮ್ (ಇಡೀ ಜೀನ್ ಸಮೂಹ) ಅಧ್ಯಯನ ಭಾರತದ ಕಡೆಯ, ಆಗ್ನೇಯ ಏಷ್ಯಾದ, ಆಸ್ಟ್ರೇಲಿಯಾ–ನ್ಯೂಗಿನಿಯ ಮೀನುಗಳು ಮೂರು ಪ್ರತ್ಯೇಕ ಗುಂಪುಗಳೆಂದು ತೋರಿಸಿತು. ದೂರದ ತಾಯಿಮೀನಿನ ಮರಿ ನಮ್ಮ ಹೊಳೆಯ ಮೀನಿನೊಂದಿಗೆ ಬೆರೆತರೆ ಅದನ್ನು ಮತ್ತೆ ಬೇರ್ಪಡಿಸಲಾಗದು.

ಇಷ್ಟು ಓದಿ ಹ್ಯಾಚರಿ ಮರಿ ಕೊಳ್ಳುವುದನ್ನೇ ನಿಲ್ಲಿಸಬೇಡಿ. 1997ರಲ್ಲಿ ಚೆನ್ನೈನ ಸಿಬಾ (ಕೇಂದ್ರೀಯ ಚೌಳುನೀರು ಜಲಕೃಷಿ ಸಂಶೋಧನಾ ಸಂಸ್ಥೆ) ಈ ಮೀನನ್ನು ತೊಟ್ಟಿಯಲ್ಲಿ ಮರಿ ಮಾಡಿಸಿದ್ದು ದೊಡ್ಡ ಉಪಕಾರ, ಹೊಳೆಯ ಮರಿಗಳನ್ನು ಬಾಚುವ ಅಗತ್ಯ ಅದರಿಂದ ತಗ್ಗಿತು. ಮುಂದಿನ ಸಲ ಮರಿ ಕೊಳ್ಳುವಾಗ ಎಷ್ಟು ಹೆಣ್ಣುಗಳ ಮೊಟ್ಟೆ, ತಾಯಿಮೀನು ಯಾವ ಕರಾವಳಿಯದು ಎಂದು ಕೇಳಿ. ಉಳಿದ ಇನ್ನೂರನ್ನು ಅಗ್ಗಕ್ಕಾದರೂ ಅಡುಗೆಗೆ ಮಾರಿಬಿಡಿ. ಮೀನು ತಪ್ಪಿಸಿಕೊಂಡು ಹೊಳೆ ಸೇರದಂತೆ, ಮಳೆಗಾಲದ ನೆರೆ ಬರುವ ಮೊದಲು ಪಂಜರದ ಬಲೆಯನ್ನು, ಅದರಲ್ಲೂ ನೀರಿನಡಿಯ ಮೂಲೆಗಳನ್ನು, ಕೈಯಾಡಿಸಿ ನೋಡಿ.