ಬಣ್ಣ ಆಮೇಲೆ, ಹುಳ ಬೀಳುವ ರೀತಿ ಮೊದಲು

ಪ್ರಶ್ನೆ: ಅಕ್ಕಾ, ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಮೂರು ವಾರದಿಂದ ಮಗನ ಜೊತೆ ಕಲೇರೋ ಜಲಾಶಯದ ದಂಡೆಯಲ್ಲಿ ಬಾಸ್ ಮೀನಿಗೆ ಗಾಳ ಹಾಕುತ್ತಿದ್ದೇನೆ. ಪ್ಲಾಸ್ಟಿಕ್ ಹುಳದ ಹನ್ನೊಂದು ಪ್ಯಾಕೆಟ್ ತಂದೆ, ಎಲ್ಲ ಬಣ್ಣವೂ ಇದೆ. ಒಂದು ಮೀನೂ ಕಚ್ಚಲಿಲ್ಲ. ಯಾವ ಹುಳ ತಗೊಳ್ಳಲಿ? ಸಿಕ್ಕರೆ ಸಾರು ಮಾಡಬಹುದಾ?

ಉತ್ತರ: ಸಾರಿನ ಮಾತು ಮೊದಲು ಮುಗಿಸೋಣ. ಖಂಡಿತ ಬೇಡ. ಕಲೇರೋ ಹತ್ತಿರದ ನ್ಯೂ ಆಲ್ಮಡೆನ್‌ನಲ್ಲಿ ಹಿಂದೆ ಪಾದರಸದ ಗಣಿಗಳಿದ್ದವು. ಆ ಪಾದರಸ ಚಿಕ್ಕ ಮೀನಿನ ಮೈ ಸೇರಿ, ಅವನ್ನು ತಿನ್ನುವ ಬಾಸ್‌ನಲ್ಲಿ ಇನ್ನೂ ಜಾಸ್ತಿಯಾಗುತ್ತದೆ. ಕುದಿಸಿದರೂ ಹುರಿದರೂ ಹೋಗುವುದಿಲ್ಲ. ಹಿಡಿದು, ಮಗನಿಗೆ ತೋರಿಸಿ, ವಾಪಸ್ ಬಿಟ್ಟುಬಿಡಿ.

ಇನ್ನು ಹುಳ. ಹನ್ನೊಂದರಲ್ಲಿ ಒಂಬತ್ತು ಪ್ಯಾಕೆಟ್ ಮನೆಯಲ್ಲೇ ಇರಲಿ. ದಂಡೆಯ ಹತ್ತಿರ ದಿನಾ ಗಾಳ ಬೀಳುವ ಕಡೆ ಮೀನು ಹುಷಾರಾಗಿರುತ್ತದೆ. ಅಲ್ಲಿ ದೊಡ್ಡ ಹುಳ, ದಪ್ಪ ಲೈನ್ (ಗಾಳದ ದಾರ) ನಡೆಯುವುದಿಲ್ಲ. ತೆಳು ಲೈನ್, ಕಡಿಮೆ ತೂಕ, ಸಣ್ಣ ಹುಳ ಬೇಕು. ಫಿನೆಸ್ ಅನ್ನುವುದು ಇದಕ್ಕೇ. ಸ್ಪಿನ್ನಿಂಗ್ ರಾಡ್‌ಗೆ, ಅಂದರೆ ಹಗುರ ಗಾಳ ಎಸೆಯುವ ಕೋಲಿಗೆ, 6 ಪೌಂಡ್ ಎಳೆತ ತಡೆಯುವ ಫ್ಲೋರೋಕಾರ್ಬನ್ ಲೈನ್ ಸಾಕು.

ಮೊದಲನೆಯದು ಎರಡೂಮುಕ್ಕಾಲು ಇಂಚಿನ ಮೋಟು ಹುಳ, ನೀರಿನಲ್ಲಿ ತೇಲುವ ಜಾತಿಯದ್ದು. ಅದನ್ನು 1/10 ಔನ್ಸ್‌ನ, ಅಣಬೆಯಂಥ ತಲೆಯಿರುವ ಗಾಳಕ್ಕೆ ಪೋಣಿಸಿ. ಇದು ನೆಡ್ ರಿಗ್. ಗಾಳ ತಳ ಮುಟ್ಟಿದಾಗ ತಲೆ ಕೆಳಗೆ, ಬಾಲ ಮೇಲೆ. ಮಣ್ಣು ಕೆದಕುವ ಪುಟ್ಟ ಮೀನಿನ ಹಾಗೆ ಹುಳ ನಿಂತೇ ಇರುತ್ತದೆ. ನೀವು ಏನೂ ಮಾಡಬೇಕಿಲ್ಲ. ಇಲ್ಲೇ ಹೆಚ್ಚಿನವರು ತಪ್ಪುವುದು, ಸುಮ್ನೆ ಇರಲಾಗದೆ ಎಳೆದೆಳೆದು ಆಡಿಸುತ್ತಾರೆ.

ಎರಡನೆಯದು 5 ಇಂಚಿನ, ಉಪ್ಪು ಸೇರಿಸಿದ ನೇರ ಹುಳ, ಸೆಂಕೋ ಅನ್ನುವ ಬ್ರ್ಯಾಂಡಿನ ತರಹದ್ದು. ಉಪ್ಪಿನಿಂದ ಅದಕ್ಕೆ ಭಾರ ಬರುತ್ತದೆ, ಲೈನ್‌ಗೆ ಬೇರೆ ಭಾರದ ಗುಂಡು ಬೇಡ. ಸರಿಯಾಗಿ ನಡುವಿಗೆ ಗಾಳ ಚುಚ್ಚಿ ಬಿಟ್ಟರೆ ಎರಡೂ ತುದಿ ನಡುಗುತ್ತಾ ನಿಧಾನ ಇಳಿಯುತ್ತದೆ. ಬಾಸ್ ಕಚ್ಚುವುದು ಹೆಚ್ಚಾಗಿ ಈ ಇಳಿತದಲ್ಲೇ. ಮೆತ್ತಗಿರುವುದರಿಂದ ಬೇಗ ಹರಿಯುತ್ತದೆ. ನಡುವಿಗೆ ಪುಟ್ಟ ರಬ್ಬರ್ ಉಂಗುರ ಹಾಕಿ, ಗಾಳವನ್ನು ಅದರಡಿ ತೂರಿಸಿ. ಒಂದೇ ಹುಳ ಎಷ್ಟೋ ಮೀನಿಗೆ ಬರುತ್ತದೆ.

ಬಣ್ಣ? ತಿಳಿ ನೀರಿಗೆ ಹಸಿರು-ಕಂದು, ಗ್ರೀನ್ ಪಂಪ್ಕಿನ್ ಅಂತ ಕೇಳಿ. ರಾಡಿ ನೀರಿಗೆ ಕಪ್ಪು-ನೀಲಿ. ಅಷ್ಟೇ.

ಈ ಎರಡು ಹುಳಗಳನ್ನು ಒಂದೇ ಡಬ್ಬಿಯಲ್ಲಿ ಇಡಬೇಡಿ. ತೇಲುವ ಹುಳದ ಪ್ಲಾಸ್ಟಿಕ್ ಬೇರೆ, ಮಾಮೂಲಿ ಹುಳದ್ದು ಬೇರೆ. ಎರಡೂ ತಾಗಿದರೆ ಕರಗುತ್ತವೆ. ಒಂದು ಬೇಸಿಗೆ ನನ್ನ ಡಬ್ಬಿ ತೆರೆದಾಗ ಒಳಗೆ ಅಂಟು ಮಾತ್ರ ಇತ್ತು. ಅವತ್ತು ತುಂಬಾ ಬೇಜಾರಾಯಿತು.

ನಾನು ಹೊಸನಗರದ ಕಡೆಯವಳು. ಶರಾವತಿ ಹಿನ್ನೀರಿನಲ್ಲಿ ಅಜ್ಜ ಗಾಳ ಹಾಕುವಾಗ ಎರೆಹುಳದ ಚಿಪ್ಪು ಹಿಡಿದು ಹಿಂದೆ ಹೋಗುತ್ತಿದ್ದೆ. ಅಲ್ಲಿ ಬೆಂಡು ಮುಳುಗಿದರೆ ಗೊತ್ತಾಗುತ್ತಿತ್ತು. ಇಲ್ಲಿ ಬೆಂಡಿಲ್ಲ, ಲೈನೇ ನೋಡಬೇಕು. ಇಳಿಯುತ್ತಿದ್ದ ಲೈನ್ ಬೇಗ ಸಡಿಲಾದರೆ, ಪಕ್ಕಕ್ಕೆ ಸರಿದರೆ ಮೀನು ಬಾಯಿಗಿಟ್ಟಿದೆ ಎಂದರ್ಥ. ಕಿತ್ತೆಳೆಯಬೇಡಿ, ಲೈನ್ ತೆಳುವಲ್ವಾ? ಸಡಿಲು ಸುತ್ತಿಕೊಂಡು ರಾಡ್ ಒಂದೇ ಸಮ ಎತ್ತಿ.

ನಿಮಗೆ ಲೈಸೆನ್ಸ್ ಬೇಕು, 16 ತುಂಬದ ಮಗನಿಗೆ ಬೇಡ. ಹರಿದ ಹುಳ ನೀರಿಗೆ ಎಸೆಯಬೇಡಿ. ಮೀನು ನುಂಗಿದರೆ ಹೊಟ್ಟೆಯಲ್ಲೇ ಉಳಿಯುತ್ತದೆ. ಅವನ್ನು ಆರಿಸಿ ಚೀಲಕ್ಕೆ ಹಾಕುವ ಕೆಲಸ ಮಗನಿಗೆ ಕೊಡಿ.