ಪೊದೆ ಕಡಿಯುವ ಮುನ್ನ ಅದರ ಬುಡ ನೋಡಿ

ಪ್ರಶ್ನೆ: ನಮ್ಮ ಹುಲ್ಲುಗಾವಲಿನ ಅರ್ಧ ಭಾಗ ಮುಳ್ಳುಪೊದೆಗಳ ಪಾಲಾಗಿದೆ. ದನಗಳಿಗೆ ಹುಲ್ಲು ಸಾಲುತ್ತಿಲ್ಲ. ಯಂತ್ರ ತರಿಸಿ ಎಲ್ಲ ಬೋಳಿಸಿಬಿಡೋಣ ಅನ್ನುತ್ತಾರೆ ಮನೆಯವರು. ಅಲ್ಲಿ ಮೊಲ, ಗೌಜುಗಗಳಿವೆ, ಮನಸ್ಸಾಗುತ್ತಿಲ್ಲ. ಏನು ಮಾಡಲಿ?

ಉತ್ತರ: ದಯವಿಟ್ಟು ಪೂರ್ತಿ ಬೋಳಿಸಬೇಡಿ. ಬೇಸಿಗೆಯಲ್ಲಿ ದನ ಎಲ್ಲೆಲ್ಲಿ ಬಾಯಿ ಹಾಕುತ್ತದೆ ಎಂದು ಒಮ್ಮೆ ಗಮನಿಸಿ. ಒಣಹುಲ್ಲಿನ ಪ್ರೋಟೀನ್ ಶೇ. 7ಕ್ಕಿಂತ ಕೆಳಗಿಳಿದರೆ ಹೊಟ್ಟೆಯ ಸೂಕ್ಷ್ಮಾಣುಗಳಿಗೆ ನಾರು ಕರಗಿಸುವ ಶಕ್ತಿ ಉಳಿಯುವುದಿಲ್ಲ; ಹುಲ್ಲಿನ ನಡುವೆಯೇ ದನ ಬಡಕಲಾಗುತ್ತದೆ. ಆಗ ಕೈಹಿಡಿಯುವುದು ಪೊದೆಯ ಹಸಿರು ಚಿಗುರು.

ಹಾಗಂತ ಎಲ್ಲ ಪೊದೆಯನ್ನೂ ಉಳಿಸಿ ಎನ್ನಲಾರೆ. ಲಂಟಾನ ದನದ ಯಕೃತ್ತನ್ನೇ ಕೆಡಿಸುತ್ತದೆ, ತೆಗೆಯಿರಿ. ಬಳ್ಳಾರಿ ಜಾಲಿಯದು ಬೇರೆ ಕಾಟ: ಕಾಯಿ ಸಿಹಿ, ದನ ಆಸೆಯಿಂದ ತಿನ್ನುತ್ತದೆ, ಬೀಜ ಸಗಣಿಯಲ್ಲಿ ಬಿದ್ದು ಹೊಸ ಜಾಗದಲ್ಲಿ ಮೊಳೆಯುತ್ತದೆ. ಕಾಯಿ ಉದುರುವ ಹೊತ್ತಿನಲ್ಲಿ ಆ ಕಡೆ ಮೇಯಲು ಬಿಡಬೇಡಿ. ನೆಲದ ಮೇಲೆ ಕಡಿದರೆ ಒಂದು ಕಾಂಡದ ಜಾಗದಲ್ಲಿ ಹಲವು ಏಳುತ್ತವೆ. ಮೊಗ್ಗೊಡೆಯುವ ಬುಡವನ್ನು ಮಣ್ಣಿನೊಳಗಿಂದಲೇ ಕತ್ತರಿಸಿ ತೆಗೆಯಬೇಕು.

ಅಮೆರಿಕದ ಪಶ್ಚಿಮದಲ್ಲಿ ಕಳೆದ ಶತಮಾನದಲ್ಲಿ ಹುಲ್ಲು ಹೆಚ್ಚಲೆಂದು ಸೇಜ್‌ಬ್ರಷ್ ಪೊದೆಗಳ ಮೇಲೆ ದೊಡ್ಡ ಪ್ರಮಾಣದಲ್ಲಿ ಕಳೆನಾಶಕ ಸಿಂಪಡಿಸಿದರು. ಚಳಿಗಾಲವಿಡೀ ಹೆಚ್ಚುಕಡಿಮೆ ಅದರ ಎಲೆಯನ್ನೇ ತಿಂದು ಬದುಕುವ ಸೇಜ್ ಗ್ರೌಸ್ ಹಕ್ಕಿಗೆ ನೆಲೆ ತಪ್ಪಿತು. ಬೆಂಕಿ ಬಿದ್ದ ಕಡೆಗಳಲ್ಲಿ ಚೀಟ್‌ಗ್ರಾಸ್ ಎಂಬ ಹೊರಗಿನ ಹುಲ್ಲು ಹಬ್ಬಿತು. ಅದು ಬೇಗ ಒಣಗುವುದರಿಂದ ಬೆಂಕಿ ಪದೇ ಪದೇ ಬೀಳುತ್ತದೆ, ಸುಟ್ಟ ಪೊದೆ ಬುಡದಿಂದ ಚಿಗುರುವುದೂ ಇಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅದಕ್ಕೇ ಹೇಳುವುದು, ಪೊದೆ ಸರಿಸಿ ಕೆಳಗೆ ಇಣುಕಿ. ಬಹುವಾರ್ಷಿಕ ಹುಲ್ಲಿನ ಬುಡಗಳು ಜೀವ ಹಿಡಿದಿದ್ದರೆ ಅಲ್ಲಿ ಧೈರ್ಯವಾಗಿ ತೆರವು ಮಾಡಿ, ಹುಲ್ಲು ತಾನಾಗಿ ಏಳುತ್ತದೆ. ಬರಿಮಣ್ಣಿದ್ದರೆ ಬೀಜ ಎರಚದೆ ಕಡಿಯಬೇಡಿ, ಕಳೆಯೇ ಬಂದೀತು. ತೆರವು ಅಂಕುಡೊಂಕಾದ ಪಟ್ಟಿಗಳಲ್ಲಿರಲಿ. ಗೌಜುಗ ಬಯಲಲ್ಲಿ ಮೇಯುತ್ತದೆ, ಗಿಡುಗ ಬಂದರೆ ಒಂದೇ ಓಟಕ್ಕೆ ಪೊದೆ ಸಿಗಬೇಕು. ಹಳ್ಳದ ದಡ, ಇಳಿಜಾರು ಮುಟ್ಟಬೇಡಿ. ಮೊಟ್ಟೆಯಿಡುವ ಕಾಲದಲ್ಲಿ ಕೆಲಸ ನಿಲ್ಲಿಸಿ.

ತೆರವಾದ ಜಾಗಕ್ಕೆ ಒಂದು ಪೂರ್ತಿ ಮಳೆಗಾಲ ದನ ಬಿಡದೆ, ಹುಲ್ಲು ಬೀಜ ಉದುರಿಸುವವರೆಗೆ ಕಾಯಿರಿ. ಆಮೇಲೆ ತಲೆಯೆತ್ತುವ ಮುಳ್ಳುಚಿಗುರಿಗೆ ಆಡುಗಳನ್ನು ಬಿಟ್ಟರಾಯಿತು.